ವಿಂಡೋಸ್ ಇಲ್ಲದ ಮನೆಯಲ್ಲಿ ಚಾಟ್ ಕಿಟಕಿ

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಎರಡು ಕಿಲೋಮೀಟರ್ ಒಳಗೆ ನಮ್ಮ ನರ್ಸರಿ. ಅಡಿಕೆ ಸಸಿ, ಹಲಸಿನ ಕಸಿ, ಬುಷ್ ಪೆಪ್ಪರ್ (ಪೊದೆ ಮೆಣಸು), ಸೊರಗು ರೋಗ ತಡೆಯುವ ಕೊಲುಬ್ರಿನಂ ಎಂಬ ಕಾಡು ಮೆಣಸಿನ ಬುಡಕ್ಕೆ ಕಸಿ ಕಟ್ಟಿದ ಕಾಳುಮೆಣಸು, ಇಷ್ಟೇ ನಮ್ಮ ಬಂಡವಾಳ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಕರ್ನಾಟಕದ ಗಡಿಯಲ್ಲಿರುವ ಸಾರಡ್ಕದ ಆಚೆಯವರು. ವಿಟ್ಲ, ಪುತ್ತೂರು, ಕಲ್ಲಡ್ಕದಿಂದ ಜೀಪು ತಂದು ಗಿಡ ತುಂಬಿಸಿಕೊಂಡು ಹೋಗುತ್ತಿದ್ದರು. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರಲ್ಲ, ಆಗ ನಮ್ಮ ವ್ಯಾಪಾರವೂ ಮುಚ್ಚಿತು. ನಾನು ಬೆಂಗಳೂರಿನ ಸರ್ವರ್ ಕೆಲಸ ಬಿಟ್ಟು ಊರಿಗೆ ಬಂದದ್ದೂ ಅದೇ ವರ್ಷ. ಸುಮ್ನೆ ಕೂರುವ ಬದಲು ನರ್ಸರಿಗೊಂದು ವೆಬ್‌ಸೈಟ್ ಮಾಡಿದೆ. ಅದರ ಮೂಲೆಯಲ್ಲಿ ಗಿರಾಕಿ ಪ್ರಶ್ನೆ ಕೇಳಲಿಕ್ಕೆ ಒಂದು ಚಾಟ್ ಕಿಟಕಿ ಬೇಕು ಅನ್ನಿಸಿದ್ದು ಆಮೇಲೆ.

ವಾಟ್ಸ್ಯಾಪ್ ಇದ್ದ ಮೇಲೆ ಇದೆಲ್ಲ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನರ್ಸರಿಯ ಫೋನ್ ಇರುವುದು ಅಣ್ಣನ ಜೇಬಿನಲ್ಲಿ. ಅಣ್ಣ ಇರುವುದು ತೋಟದ ತಗ್ಗಿನಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಉತ್ತರ ಗೊತ್ತಿರುವ ಅಪ್ಪ, ಅತ್ತಿಗೆ ಇಬ್ಬರೂ ಮನೆಯಲ್ಲಿ. ಮತ್ತೆ, ಬರೀ ರೇಟು ಕೇಳಲಿಕ್ಕೆ ಬಂದವರು ತಮ್ಮ ನಂಬರ್ ಕೊಡಲು ಹಿಂಜರಿಯುತ್ತಾರೆ. ಅದು ಸರಿಯೇ ಅಲ್ವಾ?

ತೊಂದರೆ ಶುರುವಾದದ್ದು ನಮ್ಮ ಕಂಪ್ಯೂಟರ್‌ಗಳಿಂದ. ನನ್ನದು ಹಳೆಯ ಥಿಂಕ್‌ಪ್ಯಾಡ್, ಅದರಲ್ಲಿ ಫ್ರೀಬಿಎಸ್‌ಡಿ. ಅದೂ ವಿಂಡೋಸ್ ಹಾಗೆ ಒಂದು ಆಪರೇಟಿಂಗ್ ಸಿಸ್ಟಂ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅದರದ್ದೇ ಸರ್ವರ್ ನೋಡಿಕೊಂಡವನಿಗೆ ಬೇರೆಯದು ಕೈಗೆ ಒಗ್ಗಲಿಲ್ಲ. ಆಫೀಸು ಕೋಣೆಯ ಡೆಸ್ಕ್‌ಟಾಪ್ ಅತ್ತಿಗೆಯದ್ದು, ಅದರಲ್ಲಿ ಲಿನಕ್ಸ್. ಇದು ನನ್ನ ಹಟ ಅಂತ ತಿಳಿಯಬೇಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸ್‌ನಲ್ಲಿ. ಅದನ್ನು ನಡೆಸುವ ಸಂಸ್ಥೆಗೆ ಮೊದಲು ಐಟಿ ಅಟ್ ಸ್ಕೂಲ್ ಅಂತಿತ್ತು, ಈಗ ಕೈಟ್ ಅನ್ನುತ್ತಾರೆ. ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳೂ ಅದನ್ನೇ ಕಲಿತು ಬಂದವರು. ಅತ್ತಿಗೆಗೆ ವಿಂಡೋಸ್ ಕೊಟ್ಟರೆ ಅವರೇ ತಡಕಾಡುತ್ತಾರೆ. ಮೂರನೆಯದು ಅಪ್ಪನ ನೆಟ್‌ಬುಕ್. 1 ಜಿಬಿ ರ್‍ಯಾಮ್, 32 ಬಿಟ್‌ನ ಆಟಂ ಪ್ರೊಸೆಸರ್. ಅದಕ್ಕೆ ಫ್ರೀಬಿಎಸ್‌ಡಿಯ ಬಳಗದ್ದೇ ಆದ ನೆಟ್‌ಬಿಎಸ್‌ಡಿ ಹಾಕಿಟ್ಟಿದ್ದೇನೆ. ಅಡಿಕೆ ಧಾರಣೆ ನೋಡಲು ಅಷ್ಟು ಸಾಕು.

ಹೀಗೆ ಮೂರು ಯಂತ್ರ, ವಿಂಡೋಸ್ ಒಂದರಲ್ಲೂ ಇಲ್ಲ. ನಾನು ಮೊದಲು ಹಾಕಿದ ಉಚಿತ ಚಾಟ್ ಸೇವೆಗೆ ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್ ಮತ್ತು ಐಫೋನ್ ಆ್ಯಪ್ ಇತ್ತು. ನಮಗೆ ಬೇಕಾದದ್ದು ಇರಲಿಲ್ಲ.

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. 'ಫ್ರೀಬಿಎಸ್‌ಡಿಗೆ ಸಿಗುವ ಚಾಟ್ ಆ್ಯಪ್ ಯಾವುದು' ಅಂತ ಹುಡುಕಲು ಕೂತೆ. ವೈನ್ ಎಂಬ ಪ್ರೋಗ್ರಾಂನಲ್ಲಿ ವಿಂಡೋಸ್ ಆ್ಯಪ್ ಓಡಿಸಲು ಒಂದು ಸಂಜೆ ಹೋಯಿತು. ಬಿಳಿ ಪರದೆ ಬಂತು, ಮುಂದೆ ಹೋಗಲಿಲ್ಲ. ಫ್ರೀಬಿಎಸ್‌ಡಿಯಲ್ಲಿ ಲಿನಕ್ಸ್ ಪ್ರೋಗ್ರಾಂ ಓಡಿಸುವ ಪದರ ಒಂದಿದೆ, ಲಿನಕ್ಸುಲೇಟರ್ ಅಂತ. ಅದರಲ್ಲಿ ಬೇರೊಂದು ಸೇವೆಯ ಲಿನಕ್ಸ್ ಆ್ಯಪ್ ಎಬ್ಬಿಸಲು ಇನ್ನೊಂದು ಸಂಜೆ. ಆ್ಯಪ್ ಎದ್ದಿತು, ಫ್ಯಾನ್ ಕೂಡ ಎದ್ದಿತು. ಆಮೇಲೆ ಆ್ಯಪಿನ ಫೋಲ್ಡರ್ ಬಿಚ್ಚಿ ನೋಡಿದರೆ ಒಳಗಿರುವುದು ಎಲೆಕ್ಟ್ರಾನ್. ಅಂದರೆ ಒಂದು ಕ್ರೋಮಿಯಂ ಬ್ರೌಸರ್, ಅದರೊಳಗೆ ಅವರದೇ ವೆಬ್ ಪುಟ. ಎಲೆಕ್ಟ್ರಾನ್‌ನವರು ಅಧಿಕೃತವಾಗಿ ಕಟ್ಟಿ ಕೊಡುವುದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೇ. ಅದಕ್ಕೇ ನಮ್ಮಂಥವರಿಗೆ ಆ್ಯಪ್ ಇಲ್ಲ. ಆದರೆ ಆ ಡಬ್ಬದೊಳಗಿನ ಪುಟವನ್ನು ಫೈರ್‌ಫಾಕ್ಸ್‌ನಲ್ಲೇ ತೆರೆಯಬಹುದಲ್ಲ! ಎರಡು ಸಂಜೆ ಸುಮ್ನೆ ಹಾಳು.

ಅಲ್ಲಿಂದ ನನ್ನ ಹುಡುಕಾಟ ಬದಲಾಯಿತು. ಆ್ಯಪ್ ಇದೆಯಾ ಅಂತ ನೋಡುವುದು ಬಿಟ್ಟೆ. ಉತ್ತರ ಕೊಡುವವರು ಕೂರುವ ಜಾಗ ಯಾವುದು ಅಂತ ನೋಡತೊಡಗಿದೆ. ಅದು ಬ್ರೌಸರ್ ಆಗಿದ್ದರೆ ಆಯಿತು. ಇಲ್ಲವೇ ಯಾರು ಬೇಕಾದರೂ ಕ್ಲೈಂಟ್ (ಅದನ್ನು ಬಳಸುವ ಆ್ಯಪ್) ಬರೆಯಬಹುದಾದ ಮುಕ್ತ ಪ್ರೋಟೊಕಾಲ್, ಅಂದರೆ ಸಂದೇಶ ಸಾಗಿಸುವ ನಿಯಮಾವಳಿ, ಆಗಿರಬೇಕು. ಇವೆರಡೂ ಅಲ್ಲದ್ದನ್ನು ಮುಟ್ಟಲೇ ಇಲ್ಲ.

ಮೊದಲಿನ ಸೇವೆಯನ್ನೇ ಬ್ರೌಸರ್‌ನಲ್ಲಿ ತೆರೆದೆ. 'ನಿಮ್ಮ ಆಪರೇಟಿಂಗ್ ಸಿಸ್ಟಂಗೆ ಬೆಂಬಲ ಇಲ್ಲ' ಎಂದು ಬಂತು. ಫೈರ್‌ಫಾಕ್ಸ್‌ನ ಯೂಸರ್ ಏಜೆಂಟ್ (ಬ್ರೌಸರ್ ಸೈಟಿಗೆ ಹೇಳುವ ತನ್ನ ಪರಿಚಯ) ಬದಲಿಸಿ ನಾನು ವಿಂಡೋಸ್ ಅಂತ ಸುಳ್ಳು ಹೇಳಿದೆ. ಒಳಗೆ ಬಿಟ್ಟಿತು, ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಮಳೆಗಾಲ ಹೀಗೆ ಸಾಗಿತು. ಆಮೇಲೆ ಅವರು ಉಚಿತ ಪ್ಲಾನ್ ಕತ್ತರಿಸಿದರು. ಹಳೆಯ ಮಾತುಕತೆ ನೋಡಬೇಕಾದರೆ ದುಡ್ಡು ಕೊಡಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ಕೇಳಿ ಹೋದವರು ಗಿಡಕ್ಕೆ ಬರುವುದು ಜುಲೈಯಲ್ಲಿ. 'ಆವತ್ತು ನೀವೇ ಹೇಳಿದ ರೇಟು' ಅಂದಾಗ ನೋಡಲು ಏನೂ ಉಳಿದಿರಲಿಲ್ಲ. ಇನ್ನು ಮುಂದೆ ಮಾತುಕತೆ ನಮ್ಮ ಜಾಗದಲ್ಲೇ ಇರಬೇಕು ಅಂತ ತೀರ್ಮಾನಿಸಿದೆ.

ಎಕ್ಸ್‌ಎಂಪಿಪಿ ಎಂಬ ಮುಕ್ತ ಚಾಟ್ ಪ್ರೋಟೊಕಾಲ್ ನನಗೆ ಹಳೆಯ ಪ್ರೀತಿ. 1999ರಲ್ಲಿ ಜ್ಯಾಬರ್ ಅಂತ ಶುರುವಾದದ್ದು ಇದೇ. ಬಾಡಿಗೆಯ ಪುಟ್ಟ ಸರ್ವರ್ ಒಂದಿತ್ತು, ಅದರಲ್ಲಿ ಪ್ರೊಸೊಡಿ ಎಂಬ ಚಾಟ್ ಸರ್ವರ್ ಪ್ರೋಗ್ರಾಂ ಹಾಕಿದೆ. ಲುವಾ ಭಾಷೆಯಲ್ಲಿ ಬರೆದದ್ದು, ಬಹಳ ಹಗುರ. ಅದರಲ್ಲಿ ಒಂದು ಭಾಗವನ್ನು ಅನಾಮಧೇಯ ಲಾಗಿನ್‌ಗೆ ಬಿಟ್ಟೆ. ವೆಬ್‌ಸೈಟ್‌ನಲ್ಲಿ ಕಾನ್ವರ್ಸ್ ಎಂಬ ಜಾವಾಸ್ಕ್ರಿಪ್ಟ್ ಕ್ಲೈಂಟ್ ಕೂರಿಸಿದೆ. ಗಿರಾಕಿ ಹೆಸರು, ಪಾಸ್‌ವರ್ಡ್ ಏನೂ ಇಲ್ಲದೆ ಬರೆಯಬಹುದು. ನಾವು ಪಿಜಿನ್ ಎಂಬ ಚಾಟ್ ಪ್ರೋಗ್ರಾಂನಲ್ಲಿ ಉತ್ತರಿಸಬಹುದು. ಪಿಜಿನ್ ಮೂರೂ ಯಂತ್ರದಲ್ಲಿ ಓಡಿತು, ಅಪ್ಪನ ನೆಟ್‌ಬುಕ್‌ನಲ್ಲಿ ಕೂಡ! ಒತ್ತಕ್ಷರ ಎಲ್ಲ ಸರಿಯಾಗಿ ಕೂತವು. ಮೂವರೂ ಒಂದೇ ಅಕೌಂಟ್‌ನಲ್ಲಿದ್ದರೆ ಸಂದೇಶದ ನಕಲು ಎಲ್ಲರಿಗೂ ಬರುವ ಕಾರ್ಬನ್ಸ್ ಎಂಬ ಸೌಲಭ್ಯ ಇದೆ. ಪಿಜಿನ್‌ಗೆ ಅದು ಪ್ಲಗಿನ್ ಹಾಕಿದ ಮೇಲೆ ಬಂತು.

ಒಂದು ವಾರ ಹಬ್ಬದ ಹಾಗಿತ್ತು. ಆಮೇಲೆ ಗಡಿ ತನ್ನ ಗುಣ ತೋರಿಸಿತು. ಸಾರಡ್ಕ, ಅಡ್ಯನಡ್ಕದ ಸುತ್ತ ಫೋನ್ ಒಮ್ಮೆ ಕೇರಳದ ಟವರ್ ಹಿಡಿಯುತ್ತದೆ, ಒಮ್ಮೆ ಕರ್ನಾಟಕದ್ದು. ನಡುವೆ ಕನೆಕ್ಷನ್ ಕಡಿಯುತ್ತದೆ. ಅನಾಮಧೇಯ ಲಾಗಿನ್ ಒಮ್ಮೆ ಕಡಿದರೆ ಆ ಗುರುತು ಸತ್ತ ಹಾಗೆ. ಅದೇ ಮನುಷ್ಯ ಮರಳಿ ಬಂದರೆ ಹೊಸ ಗಿರಾಕಿಯ ವೇಷ. ನಮ್ಮ ಉತ್ತರ ಹೋದದ್ದು ಇಲ್ಲದವನಿಗೆ. 'ಪಣಿಯೂರು ಒಂದು ಉಂಟಾ?' ಅಂತ ಆ ಹೆಸರಿನ ಕಾಳುಮೆಣಸಿನ ತಳಿಯ ಬಗ್ಗೆ ಒಬ್ಬರೇ ನಾಲ್ಕು ಸಲ ಕೇಳಿದ್ದರು. ಅತ್ತಿಗೆ ನಾಲ್ಕು ಸಲವೂ ಉತ್ತರ ಕೊಟ್ಟಿದ್ದರು. ಅವರಿಗೆ ಒಂದೂ ಮುಟ್ಟಿರಲಿಲ್ಲ.

"ಇದು ಚಾಟೋ, ಭೂತದ ದರ್ಶನವೋ ಮಾರಾಯ?" ಅಂದರು ಅತ್ತಿಗೆ.

ಸರಿಪಡಿಸಲು ದಾರಿಗಳಿದ್ದವು. ಆದರೆ ಅದನ್ನು ನಾನಿಲ್ಲದಾಗ ಅತ್ತಿಗೆ ನೋಡಿಕೊಳ್ಳಲು ಆಗಬೇಕಲ್ಲ. ಬಿಟ್ಟೆ. ಇವತ್ತಿಗೂ ಮನೆಯೊಳಗಿನ ಮಾತಿಗೆ ಅದೇ ಪ್ರೊಸೊಡಿ.

ಕೊನೆಗೆ ನಿಂತದ್ದು ಲೈವ್ ಹೆಲ್ಪರ್ ಚಾಟ್ ಎಂಬ, ನಮ್ಮ ಹೋಸ್ಟಿಂಗ್‌ನಲ್ಲೇ ಹಾಕಿಕೊಳ್ಳುವ ಚಾಟ್ ಪ್ರೋಗ್ರಾಂನಲ್ಲಿ. ಚಾಟ್‌ವುಟ್ ಕೂಡ ನೋಡಿದ್ದೆ, ಚಂದ ಇದೆ. ಆದರೆ ಅದಕ್ಕೆ ರೂಬಿ, ಪೋಸ್ಟ್‌ಗ್ರೆಸ್, ರೆಡಿಸ್ ಎಲ್ಲ ಬೇಕು, ನನ್ನ ಪುಟ್ಟ ಸರ್ವರ್‌ಗೆ ಆನೆ ಕಟ್ಟಿದ ಹಾಗೆ. ಮಿಬ್ಯೂ ಎಂಬ ಇನ್ನೊಂದಿದೆ, ಅದನ್ನು ಪೂರ್ತಿ ಪರೀಕ್ಷಿಸಲಿಲ್ಲ. ಲೈವ್ ಹೆಲ್ಪರ್ ಚಾಟ್‌ಗೆ ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದ್ದರೆ ಸಾಕು. ವೆಬ್‌ಸೈಟ್‌ಗೆ ಅಂತ ಕೊಂಡ ಶೇರ್ಡ್ ಹೋಸ್ಟಿಂಗ್‌ನಲ್ಲಿ ಎರಡೂ ಮೊದಲೇ ಇದ್ದವು. ಹೊಸ ಖರ್ಚು ಸೊನ್ನೆ. ಲೈಸೆನ್ಸ್ ಅಪಾಚೆ 2.0, ಅಂದರೆ ಯಾರೂ ಉಚಿತವಾಗಿ ಬಳಸಬಹುದು. ಉತ್ತರಿಸುವವರ ಕಡೆ ಪೂರ್ತಿ ಬ್ರೌಸರ್‌ನಲ್ಲಿದೆ. ಗಿರಾಕಿಯ ಗುರುತು ಅವರ ಬ್ರೌಸರ್‌ನಲ್ಲಿ, ಮಾತುಕತೆ ನಮ್ಮ ಡೇಟಾಬೇಸ್‌ನಲ್ಲಿ. ಹಾಗಾಗಿ ಟವರ್ ಬದಲಾದರೂ ಅದೇ ಚಾಟ್ ಮುಂದುವರಿಯುತ್ತದೆ. ಸದಾ ಕನೆಕ್ಷನ್ ಹಿಡಿದಿಡುವ ಬದಲು ಕೆಲವು ಸೆಕೆಂಡಿಗೊಮ್ಮೆ 'ಹೊಸತು ಉಂಟಾ' ಅಂತ ಕೇಳುವ ಹಳೆಯ ರೀತಿ ಅದರದ್ದು. ದೊಡ್ಡ ಕಂಪನಿಗೆ ಅದು ದಡ್ಡ ವಿಧಾನ ಇರಬಹುದು. ದಿನಕ್ಕೆ ಹದಿನೈದು ಗಿರಾಕಿ ಬರುವ ನಮ್ಮ ಗುಡ್ಡಕ್ಕೆ ಅದೇ ಬೇಕಿತ್ತು.

ಹಾಕಿದ್ದು ಒಂದು ಮಧ್ಯಾಹ್ನದ ಕೆಲಸ. ಕನ್ನಡ ಮಾಡಿದ್ದು ಒಂದು ವಾರದ ಕೆಲಸ. ಪರದೆಯ ಮೇಲಿನ ಮಾತುಗಳು ಒಂದು ಅನುವಾದದ ಫೈಲಿನಲ್ಲಿರುತ್ತವೆ. ಗಿರಾಕಿಗೆ ಕಾಣುವಷ್ಟನ್ನು ಮಾತ್ರ ನಾವೇ ಬರೆದುಕೊಂಡೆವು. 'ನಮ್ಮ ಪ್ರತಿನಿಧಿ ಸದ್ಯ ಲಭ್ಯವಿಲ್ಲ' ಅಂತ ನಾನು ಬರೆದಿದ್ದೆ.

"ಪ್ರತಿನಿಧಿ ಅಂದರೆ ಯಾರು, ನಾನಾ? ನಾನು ಹಟ್ಟಿಗೆ ಹೋಗಿದ್ದರೆ ಹಟ್ಟಿಗೆ ಹೋಗಿದ್ದೇನೆ ಅಂತ ಹಾಕು," ಅಂದರು ಅತ್ತಿಗೆ.

ಹಟ್ಟಿ ಬಿಟ್ಟೆವು. ಆದರೆ 'ಈಗ ಯಾರೂ ಇಲ್ಲ, ಬರೆದಿಡಿ, ಸಂಜೆಯೊಳಗೆ ಉತ್ತರ ಬರುತ್ತದೆ' ಅಂತ ಮಾಡಿದೆವು. ಆ ಸಾಲು ಹಾಕಿದ ಮೇಲೆ ಬರೆದಿಟ್ಟು ಹೋಗುವವರು ಜಾಸ್ತಿಯಾದರು. ಮಲಯಾಳದ ಸಾಲುಗಳನ್ನೂ ಅತ್ತಿಗೆಯೇ ಟೈಪ್ ಮಾಡಿದರು. ಇದಕ್ಕೆ ಇನ್‌ಸ್ಕ್ರಿಪ್ಟ್ ಕೀಲಿಮಣೆಗೆ ಕೈ ಮುಗಿಯಬೇಕು. ಅದರಲ್ಲಿ ಕನ್ನಡದ 'ಕ' ಎಲ್ಲಿದೆಯೋ ಮಲಯಾಳದ 'ಕ' ಕೂಡ ಅಲ್ಲೇ. ಒಂದು ಲಿಪಿಗೆ ಕಲಿತ ಬೆರಳು ಇನ್ನೊಂದಕ್ಕೂ ಆಗುತ್ತದೆ. ನಾನು ಮಾತ್ರ ಕನ್ನಡವನ್ನು ಕೆಜಿಪಿ ಎಂಬ ಬೇರೆ ಕೀಲಿಮಣೆ ವಿನ್ಯಾಸದಲ್ಲಿ ಒತ್ತುವವನು, ಮಲಯಾಳಕ್ಕೆ ಇವತ್ತಿಗೂ ಕುರುಡ. ಫ್ರೀಬಿಎಸ್‌ಡಿಯಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆಗೆ ಎಂ17ಎನ್ ಹಾಕಿದರೆ ಎರಡೂ ಕೀಲಿಮಣೆ ಸಿಗುತ್ತವೆ. ನೋಟೋ ಫಾಂಟ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಬರೀ ಚೌಕಗಳು.

ತುಳುವಿನಲ್ಲಿ ಬರೆಯುವವರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಅದಕ್ಕೆ ಬೇರೆ ಏರ್ಪಾಡು ಬೇಕಾಗಲಿಲ್ಲ.

ಒಂದು ದೊಡ್ಡ ಎಡವಟ್ಟು ಮಾಡಿಕೊಂಡೆ. ಹೋಸ್ಟಿಂಗ್ ಬದಲಿಸುವಾಗ ಡೇಟಾಬೇಸ್‌ನ ನಕಲು ತೆಗೆದೆ. ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಲ್ಯಾಟಿನ್1 ಅಂತ ಇದ್ದದ್ದನ್ನು ಗಮನಿಸಲಿಲ್ಲ. ಹೊಸ ಜಾಗದಲ್ಲಿ ತೆರೆದು ನೋಡಿದ ಅತ್ತಿಗೆ, "ಎಂತ ಮಾರಾಯ, ಎಲ್ಲರೂ ಬರೀ ಪ್ರಶ್ನೆಯೇ ಕೇಳಿದ್ದಾರೆ!" ಅಂದರು. ಕನ್ನಡದ ಒಂದೊಂದು ಅಕ್ಷರವೂ ಪ್ರಶ್ನೆ ಚಿಹ್ನೆಯಾಗಿತ್ತು. ಎಲ್ಲ ಲಿಪಿಗೂ ಆಗುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್ ಬೇಕು. ಲ್ಯಾಟಿನ್1ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಹಾಗಾಗಿ ಪ್ರಶ್ನೆ ಚಿಹ್ನೆ ಬರೆದು ಮುಂದೆ ಹೋಗುತ್ತದೆ. ಒಮ್ಮೆ ಹೀಗಾದರೆ ಮರಳಿ ಬರುವುದಿಲ್ಲ. ಹಳೆಯ ಹೋಸ್ಟಿಂಗ್ ಅಷ್ಟರಲ್ಲಿ ಮುಚ್ಚಿದ್ದೆ. ಮೂರು ತಿಂಗಳ ಮಾತುಕತೆ ಹೋಯಿತು. ನೀವು ಮಾಡುವುದಾದರೆ ನಕಲು ತೆಗೆಯುವಾಗಲೂ ತುಂಬಿಸುವಾಗಲೂ ಯುಟಿಎಫ್8ಎಂಬಿ4 ಅಂತ ಹೇಳಿ. ಮೈಎಸ್‌ಕ್ಯೂಎಲ್‌ನ ಬರೀ 'ಯುಟಿಎಫ್8' ಮೂರು ಬೈಟಿಗೇ ನಿಲ್ಲುತ್ತದೆ. ಕನ್ನಡಕ್ಕೆ ಸಾಕು, ಎಮೋಜಿಗೆ ನಾಲ್ಕು ಬೇಕು. ನಮ್ಮ ಗಿರಾಕಿಗಳು ಕೈ ಮುಗಿಯುವ ಎಮೋಜಿ ಇಲ್ಲದೆ ಮಾತು ಮುಗಿಸುವುದಿಲ್ಲ.

ಇನ್ನು ಗಂಟೆಯ ಸದ್ದು. ಸಂದೇಶ ಬಂದಾಗ ಟಿಂಗ್ ಅನ್ನದಿದ್ದರೆ ಚಾಟ್ ಇದ್ದೂ ಇಲ್ಲದ ಹಾಗೆ. ನನ್ನ ಥಿಂಕ್‌ಪ್ಯಾಡ್ ಮೌನವಾಗಿತ್ತು. ಕಾರಣ ಎರಡು. ಒಂದು, ಫ್ರೀಬಿಎಸ್‌ಡಿ ಸದ್ದನ್ನೆಲ್ಲ ಸ್ಪೀಕರ್ ಬಿಟ್ಟು ಎಚ್‌ಡಿಎಂಐ ಕಡೆಗೆ ಕಳಿಸುತ್ತಿತ್ತು. ಸಿಸ್‌ಸಿಟಿಎಲ್ ಎಂಬ ಆಜ್ಞೆಯಲ್ಲಿ ಸೌಂಡ್‌ನ ಡೀಫಾಲ್ಟ್ ಯೂನಿಟ್ ಬದಲಿಸಿದೆ, ಸರಿಯಾಯಿತು. ಇನ್ನೊಂದು ಕಾರಣ ಮೂರೂ ಯಂತ್ರಕ್ಕೆ ಅನ್ವಯಿಸುತ್ತದೆ. 2019ರಿಂದ ಫೈರ್‌ಫಾಕ್ಸ್, ನೀವು ಪುಟದಲ್ಲಿ ಒಮ್ಮೆಯಾದರೂ ಕ್ಲಿಕ್ ಮಾಡದೆ ಸದ್ದು ಬಿಡುವುದಿಲ್ಲ. ಬೆಳಿಗ್ಗೆ ಪುಟ ತೆರೆದಿಟ್ಟು ಕಾಫಿಗೆ ಹೋದರೆ ಮಧ್ಯಾಹ್ನದವರೆಗೂ ಮೂಕ. ಆ ಒಂದು ಸೈಟ್‌ಗೆ ಮಾತ್ರ ಸದ್ದಿನ ಅನುಮತಿ ಕೊಟ್ಟು, ಟ್ಯಾಬ್ ಪಿನ್ ಮಾಡಿಟ್ಟೆ.

ಅಪ್ಪನ ನೆಟ್‌ಬುಕ್‌ನಲ್ಲಿ ಆ ಪುಟ ತೆರೆದರೆ ನೆಟ್‌ಬುಕ್ ಏದುಸಿರು ಬಿಡುತ್ತದೆ. ಅಲ್ಲಿಗೆ ಬೇರೆ ದಾರಿ. ಲೈವ್ ಹೆಲ್ಪರ್ ಚಾಟ್‌ಗೆ ರೆಸ್ಟ್ ಎಪಿಐ ಇದೆ, ಅಂದರೆ ಬೇರೆ ಪ್ರೋಗ್ರಾಂ ಅದನ್ನು ಪ್ರಶ್ನೆ ಕೇಳುವ ಕಿಂಡಿ. ಯಾರಾದರೂ ಕಾಯುತ್ತಿದ್ದಾರಾ ಅಂತ ಹತ್ತು ಸೆಕೆಂಡಿಗೊಮ್ಮೆ ಕರ್ಲ್ ಎಂಬ ಆಜ್ಞೆಯಲ್ಲಿ ಕೇಳುವ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದೆ. ಇದ್ದರೆ ಬೀಪ್. ಅಷ್ಟೇ. ಅಪ್ಪ ಜಗಲಿಯಿಂದಲೇ "ಆರೋ ಬಂದಿದ್ದಾರೆ, ನೋಡಿ" ಅಂತ ಕೂಗುತ್ತಾರೆ. ಇಷ್ಟು ಖಚಿತವಾದ ನೋಟಿಫಿಕೇಶನ್ ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ಆಷಾಢದಲ್ಲಿ ಒಂದು ರಾತ್ರಿ ಬೀಪ್ ಬಂತು. ವಿಟ್ಲದ ಕಡೆಯವರು. ಬಳ್ಳಿಯ ಎಲೆ ಕಪ್ಪಾಗಿ ಉದುರುತ್ತಿದೆ, ಫೋಟೋ ಕಳಿಸುತ್ತೇನೆ ಅಂದರು. ಫೋಟೋ ಹೋಗಲೇ ಇಲ್ಲ. ಪಿಎಚ್‌ಪಿಯಲ್ಲಿ ಅಪ್‌ಲೋಡ್ ಮಿತಿ ತಾನಾಗಿ ಇರುವುದು 2 ಎಂಬಿ, ಈಗಿನ ಫೋನಿನ ಒಂದು ಫೋಟೋನೇ ಅದಕ್ಕಿಂತ ದೊಡ್ಡದು. ಹೋಸ್ಟಿಂಗ್‌ನ ಸೆಟ್ಟಿಂಗ್‌ಗೆ ಹೋಗಿ ಮಿತಿಯನ್ನು 12ಕ್ಕೆ ಏರಿಸಿದೆ. ಒಂದು ಸಲಕ್ಕೆ ಕಳಿಸುವ ಒಟ್ಟು ಮಾಹಿತಿಗೆ ಪೋಸ್ಟ್ ಮಿತಿ ಅಂತ ಬೇರೆ ಇರುತ್ತದೆ, 8 ಎಂಬಿ. ಅದನ್ನೂ 12ಕ್ಕಿಂತ ಮೇಲೆ ಏರಿಸಬೇಕು, ಮೊದಲು ಅದು ಹೊಳೆಯಲಿಲ್ಲ. ಮೂರನೇ ಸಲಕ್ಕೆ ಫೋಟೋ ಬಂತು. ಅಪ್ಪ ಕನ್ನಡಕ ಏರಿಸಿ, ನನ್ನ ಥಿಂಕ್‌ಪ್ಯಾಡ್‌ಗೆ ಮೂಗು ತಾಗಿಸುವಷ್ಟು ಹತ್ತಿರ ಬಗ್ಗಿ ನೋಡಿದರು.

"ಸೊರಗು ರೋಗ. ಇದು ಕೊಲುಬ್ರಿನಂ ಕಸಿ ಅಲ್ಲ, ಊರ ಬಳ್ಳಿ. ಬುಡದಲ್ಲಿ ನೀರು ನಿಲ್ಲದ ಹಾಗೆ ಕಣಿ ಬಿಡಿಸಲು ಹೇಳು. ಮಳೆ ಹೊಳವಾದಾಗ ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಹೊಡೆಯಲಿ."

ನಾನು ಟೈಪ್ ಮಾಡುತ್ತಿದ್ದೆ. ಅಪ್ಪ ಅಲ್ಲೇ ನಿಂತಿದ್ದರು.

"ನಮ್ಮಲ್ಲಿ ಗಿಡ ಉಂಟು ಅಂತಲೂ ಬರಿ."