ಕುರಿರೊಪ್ಪದಲ್ಲಿ ನೊರಜು ಹಿಡಿದು ನೋಡುವ ಕೆಲಸ: ನನ್ನ ಅನುಭವ

ಶಿರಾ ತಾಲ್ಲೂಕಿನ ಕುರಿಗಾಹಿಗಳು ಮಳೆಗಾಲ ಬಂತೆಂದರೆ ನೀಲಿ ನಾಲಿಗೆ ರೋಗಕ್ಕೆ ಹೆದರುತ್ತಾರೆ. ಈ ರೋಗ ಕುರಿಯಿಂದ ಕುರಿಗೆ ಮೈ ಸೋಕಿ ಅಂಟುವುದಿಲ್ಲ. ಕ್ಯುಲಿಕಾಯ್ಡಿಸ್ ಕುಲಕ್ಕೆ ಸೇರಿದ, 1ರಿಂದ 3 ಮಿಲಿಮೀಟರ್ ಉದ್ದದ ಹೆಣ್ಣು ನೊರಜುಗಳು ರಕ್ತ ಹೀರುವಾಗ ಅದರ ವೈರಸ್ಸನ್ನು ದಾಟಿಸುತ್ತವೆ. ಪಶುವೈದ್ಯನಾದ ನಾನು ಅವುಗಳ ಮೇಲೆ ಕಣ್ಣಿಡಲು ರೊಪ್ಪಗಳಲ್ಲಿ ಬೆಳಕಿನ ಬಲೆ ಕಟ್ಟುತ್ತೇನೆ.

ಬಲೆಯಲ್ಲಿ ನೇರಳಾತೀತ ದೀಪ, ಹುಳುಗಳನ್ನು ಒಳಗೆಳೆಯುವ ಸಣ್ಣ ಫ್ಯಾನು, ಕೆಳಗೊಂದು ಬಾಟಲಿ ಇರುತ್ತವೆ. ಕರೆಂಟಿಲ್ಲದ ಕಡೆ 12 ವೋಲ್ಟಿನ ಬ್ಯಾಟರಿ ಸಾಕು. ಪತಂಗ, ಜೀರುಂಡೆಗಳು ಒಳಗೆ ಬೀಳದಂತೆ ಸುತ್ತ ಜಾಲರಿ ಬೇಕು. ಕುರಿಗಳಿಗೆ ಎಟುಕದಂತೆ, ಗಾಳಿಗೆ ಮರೆಯಾದ ಜಾಗದಲ್ಲಿ ಆಳೆತ್ತರಕ್ಕೆ ಕಟ್ಟಿ, ಹೊತ್ತು ಮುಳುಗುವ ಮುನ್ನ ದೀಪ ಹಚ್ಚಿ, ಬೆಳಗಾದ ಮೇಲೆ ಇಳಿಸುತ್ತೇನೆ. ಹತ್ತಿರ ಬೇರೆ ಬಲ್ಬು ಉರಿಯುತ್ತಿದ್ದರೆ ಹುಳುಗಳು ಅತ್ತಲೂ ಹೋಗುವುದರಿಂದ ಅದನ್ನು ಆರಿಸುವಂತೆ ಮನೆಯವರನ್ನು ಕೇಳಿಕೊಳ್ಳಬೇಕು. ಗಾಳಿ ಜೋರಾಗಿದ್ದ ರಾತ್ರಿ ಬಲೆ ಖಾಲಿಯಿತ್ತೆಂದು ರೊಪ್ಪದಲ್ಲಿ ನೊರಜೇ ಇಲ್ಲವೆಂದು ಬರೆಯಬಾರದು.

ಬಾಟಲಿಯ ತಳದಲ್ಲಿ ರಾಗಿ ತೌಡಿನ ಹಾಗೆ ಕಾಣುವ ರಾಶಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಹರಡಿದಾಗಲೇ ನಿಜವಾದ ಕೆಲಸ ಶುರು. ರೆಕ್ಕೆಯ ಮಚ್ಚೆಗಳನ್ನು ನೋಡಿ ಜಾತಿ ಗುರುತಿಸಿ, ಹೆಣ್ಣುಗಳನ್ನು ಹೊಟ್ಟೆ ನೋಡಿ ವಿಂಗಡಿಸುತ್ತೇನೆ. ಒಮ್ಮೆ ರಕ್ತ ಕುಡಿದು ಮೊಟ್ಟೆಯಿಟ್ಟ ಹೆಣ್ಣಿನ ಹೊಟ್ಟೆಯ ಗೋಡೆಯಲ್ಲಿ ಕಡುಗೆಂಪು ಛಾಯೆ ಉಳಿದಿರುತ್ತದೆ. ನನ್ನ ಮಟ್ಟಿಗೆ ಒಟ್ಟು ಸಂಖ್ಯೆಗಿಂತ ಈ ಕೆಂಪು ಹೊಟ್ಟೆಯವುಗಳ ಸಂಖ್ಯೆಯೇ ಮುಖ್ಯ. ಏಕೆಂದರೆ ಹೀರಿದ ವೈರಸ್ ನೊರಜಿನ ದೇಹದಲ್ಲಿ ಬೆಳೆದು ಜೊಲ್ಲುಗ್ರಂಥಿ ತಲುಪಲು ಹಲವು ದಿನ ಹಿಡಿಯುತ್ತದೆ, ಅಷ್ಟು ದಿನ ಬದುಕಿ ಮತ್ತೆ ಕಚ್ಚುವವುಗಳಿಂದಲೇ ಅಪಾಯ. ಹೊಟ್ಟೆ ತುಂಬ ಹಸಿ ರಕ್ತವಿರುವವುಗಳನ್ನು ಬೇರೆ ಇಡುತ್ತೇನೆ, ಯಾಕೆಂದರೆ ಅವುಗಳಲ್ಲಿ ಸಿಕ್ಕ ವೈರಸ್ ಆಗಷ್ಟೇ ಕುಡಿದ ರಕ್ತದ್ದೇ ಆಗಿರಬಹುದು. ಉಳಿದವನ್ನು ಜಾತಿವಾರು ಸಣ್ಣ ಗುಂಪು ಮಾಡಿ, ಶೇ. 70ರ ಆಲ್ಕೊಹಾಲಿನಲ್ಲಿಟ್ಟು, ಊರು, ತಾರೀಖು, ಮಳೆ-ಗಾಳಿಯ ವಿವರ ಬರೆದು ಪ್ರಯೋಗಾಲಯಕ್ಕೆ ಕಳಿಸುತ್ತೇನೆ.

ಹಿಕ್ಕೆ, ಗಂಜಲ ಬೆರೆತ ಕೆಸರಿನಲ್ಲಿ ಇವುಗಳ ಮರಿಹುಳುಗಳು ಬೆಳೆಯುವುದರಿಂದ ನೀರಿನ ತೊಟ್ಟಿಯ ಸುತ್ತ ಒಣಗಿಸಿಡಿ ಎಂದು ಪ್ರತಿ ರೊಪ್ಪದಲ್ಲೂ ಹೇಳುತ್ತೇನೆ. ಆದರೆ ಕುರಿಯನ್ನು ಉಳಿಸುವುದು ಮಳೆಗಾಲಕ್ಕೆ ಮುಂಚೆ ಹಾಕಿಸಿದ ಲಸಿಕೆಯೇ. ನಮ್ಮ ದೇಶದಲ್ಲಿ ವೈರಸ್ಸಿನ ಐದು ಬಗೆಗಳಿಗೆ ಒಟ್ಟಿಗೆ ಕೊಡುವ ಲಸಿಕೆ ಇದೆ. ದನಗಳು ಹೆಚ್ಚಾಗಿ ರೋಗಲಕ್ಷಣ ತೋರದೆಯೇ ವೈರಸ್ಸನ್ನು ರಕ್ತದಲ್ಲಿ ಇಟ್ಟುಕೊಂಡಿರಬಲ್ಲವಾದ್ದರಿಂದ ರೊಪ್ಪದ ಪಕ್ಕದ ಕೊಟ್ಟಿಗೆಯಲ್ಲೂ ಅದೇ ರಾತ್ರಿ ಇನ್ನೊಂದು ಬಲೆ ಕಟ್ಟುತ್ತೇನೆ.