ಸೇವೆಯಲ್ಲಿ ಬಸವಳಿದ ಮೇಲೆ ಮತ್ತೆ ಪ್ರಾರ್ಥನೆಗೆ ಕೂರುವುದು ಹೇಗೆ?

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಊರುಗಳಲ್ಲಿ ಸುವಾರ್ತಾ ಸೇವೆ ಮಾಡುವವರ ಒಂದು ದಿನವನ್ನು ನೋಡಿ. ಬೆಳಿಗ್ಗೆ ಮನೆಯಲ್ಲಿ ತುಳು ಮಾತು. ಹತ್ತು ಗಂಟೆಗೆ ಬದಿಯಡ್ಕದ ಕಡೆ ಕನ್ನಡದಲ್ಲಿ ಮನೆ ಪ್ರಾರ್ಥನೆ. ಮಧ್ಯಾಹ್ನ ಕಾಸರಗೋಡಿನ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಸಾಂತ್ವನ. ರಾತ್ರಿ ಮಿಷನ್ ಆಫೀಸಿಗೆ ಇಂಗ್ಲಿಷಿನಲ್ಲಿ ತಿಂಗಳ ವರದಿ. ನಾಲ್ಕು ಭಾಷೆಯಲ್ಲಿ ದೇವರ ಬಗ್ಗೆ ಮಾತಾಡಿಯಾಯಿತು; ದೇವರ ಹತ್ತಿರ ತನಗಾಗಿ ಒಂದು ಮಾತೂ ಆಡಿರುವುದಿಲ್ಲ. ಹೀಗೆ ಏಳೆಂಟು ವರ್ಷ ಕಳೆದಾಗ ಒಂದು ದಿನ ಬೈಬಲು ತೆರೆದರೆ ಅಕ್ಷರ ಮಾತ್ರ ಕಾಣುತ್ತದೆ. "ನನ್ನ ನಂಬಿಕೆಯೇ ಹೋಯಿತು" ಎಂದು ಹೆದರುವುದು ಆಗಲೇ.

ಹೆದರುವ ಮೊದಲು ಒಂದು ಸಂಗತಿ ಗಮನಿಸಿ. ಸೇವಕರಿಗೆ ಬೈಬಲು, ಪ್ರಾರ್ಥನೆ, ಹಾಡು ಮೂರೂ ಕೆಲಸದ ಹತ್ಯಾರುಗಳು. ಗದ್ದೆಯಲ್ಲಿ ದಣಿದವನು ಮನೆಗೆ ಬಂದು ಬೈಬಲು ತೆರೆದು ಕೂರಬಹುದು. ಬೈಬಲೇ ಗದ್ದೆಯಾದವನು ಎಲ್ಲಿಗೆ ಹೋಗಬೇಕು? ಹಾಗಾಗಿ "ಇನ್ನೂ ಹೆಚ್ಚು ಪ್ರಾರ್ಥಿಸಿ, ಇನ್ನೂ ಹೆಚ್ಚು ಓದಿ" ಎಂಬ ಬುದ್ಧಿಮಾತು ಇಲ್ಲಿ ಹಿಡಿಯುವುದಿಲ್ಲ. ಹತ್ಯಾರನ್ನು ಕೆಲಸದಿಂದ ಬಿಡಿಸಿ ಮತ್ತೆ ಕೈಗೆ ತೆಗೆದುಕೊಳ್ಳುವುದಕ್ಕೆ ಒಂದು ಕ್ರಮ ಉಂಟು, ಅದಕ್ಕೆ ತಿಂಗಳುಗಳು ಬೇಕು.

ಮೊದಲು ಇದು ಯಾವ ಸುಸ್ತು ಎಂದು ತಿಳಿಯಿರಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ರೋಗವೆಂದು ಕರೆಯದೆ, ಕೆಲಸಕ್ಕೆ ಸಂಬಂಧಪಟ್ಟ ಒಂದು ಸ್ಥಿತಿ ಎಂದು ವಿವರಿಸಿತು. ಅದಕ್ಕೆ ಮೂರು ಗುರುತು: ಶಕ್ತಿ ಪೂರಾ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ಏನು ಮಾಡಿದರೂ ಪ್ರಯೋಜನವಿಲ್ಲ ಅನ್ನಿಸುವುದು. ಸೇವೆಯಲ್ಲಿ ಎರಡನೆಯ ಗುರುತು ಮೊದಲು ಹೊರಬೀಳುತ್ತದೆ. ಸಭೆಯವರ ಫೋನ್ ಬಂದಾಗ ಹೆಸರು ನೋಡಿಯೇ ಹೊಟ್ಟೆ ಹಿಂಡಿದಂತಾದರೆ, ಸಾಕ್ಷಿ ಹೇಳುವವರನ್ನು ಕಂಡು ಒಳಗೊಳಗೆ ನಗು ಬಂದರೆ ಅದು ಕೆಟ್ಟ ಬುದ್ಧಿ ಎಂದು ತಪ್ಪೊಪ್ಪಿಕೊಂಡು ಸುಮ್ಮನಾಗಬೇಡಿ. ಅದು ಗುರುತು.

ಡಾಕ್ಟರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡಿನ ಟಿ.ಎಸ್.ಎಚ್., ಸಕ್ಕರೆ, ವಿಟಮಿನ್ ಬಿ12 ಈ ನಾಲ್ಕನ್ನು ಪರೀಕ್ಷಿಸಿಕೊಳ್ಳಿ. ಥೈರಾಯ್ಡ್ ಕಡಿಮೆಯಿದ್ದವರು "ಆತ್ಮಿಕ ಬರಗಾಲ" ಎಂದುಕೊಂಡು ಉಪವಾಸ ಕೂತರೆ ಆಗುವುದು ಇನ್ನಷ್ಟು ಹಾನಿ. ಎರಡು ವಾರ ಎಡೆಬಿಡದೆ ಮನಸ್ಸು ಕುಗ್ಗಿದ್ದರೆ, ಮಕ್ಕಳ ಆಟವೂ ಹಿಡಿಸದಿದ್ದರೆ, ಬೆಳಗಿನ ಮೂರು ಗಂಟೆಗೇ ಎಚ್ಚರವಾಗುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಬೇಕು. ಸಾಯಬೇಕೆಂಬ ಯೋಚನೆ ಬಂದರೆ ಅವತ್ತೇ ಮನೆಯವರಿಗೆ ಹೇಳಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಸಿಗುವ ಸರಕಾರಿ ಸೇವೆ ಅದು, ದುಡ್ಡಿಲ್ಲ. ಊರಿನ ಕ್ಲಿನಿಕ್ಕಿನಲ್ಲಿ ಸಭೆಯವರು ಸಿಕ್ಕಾರು ಎಂಬ ಅಳುಕಿದ್ದರೆ ಮಂಗಳೂರಿನ ಮನೋವೈದ್ಯರನ್ನು ಕಾಣಿ; ಕಾಸರಗೋಡಿನಿಂದ ಸುಮಾರು 50 ಕಿ.ಮೀ., ರೈಲಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರಬಹುದು. ಮಾತ್ರೆ ನುಂಗುವುದು ಅವಿಶ್ವಾಸ ಎನ್ನುವವರಿಗೆ ಉತ್ತರ ಕೊಡುವ ಜವಾಬ್ದಾರಿ ರೋಗಿಗಿಲ್ಲ.

ರಜೆ ಕೇಳುವುದು, ಬಿಡುಗಡೆಯಾಗುವುದು

ಎರಡು ವಾರದ ರಜೆ ಸಾಲದು. ಮೊದಲ ಹದಿನೈದು ದಿನ ಬರೀ ನಿದ್ದೆಗೇ ಹೋಗುತ್ತದೆ. ಕಡಿಮೆಯೆಂದರೆ ಮೂರು ತಿಂಗಳು ಕೇಳಿ. ನಮ್ಮ ಕಡೆ ಇದಕ್ಕೆ ತಕ್ಕ ಕಾಲ ಜೂನ್‌ನಿಂದ ಆಗಸ್ಟ್. ಏಪ್ರಿಲ್, ಮೇಯಲ್ಲಿ ಮಕ್ಕಳ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ), ಡಿಸೆಂಬರಿನಲ್ಲಿ ಕ್ಯಾರೊಲ್, ಅದರ ಬೆನ್ನಿಗೆ ಕನ್ವೆನ್ಶನ್‌ಗಳು, ಆಮೇಲೆ ಈಸ್ಟರಿಗೆ ಮೊದಲಿನ ಶ್ರಮೆಯ ಕಾಲ. ಮಳೆಗಾಲದಲ್ಲಿ ಮನೆಭೇಟಿ ತಾನಾಗಿ ಕಡಿಮೆಯಾಗುತ್ತದೆ. ತುಳುವರ ಆಟಿ ತಿಂಗಳಲ್ಲಿ, ಮಳೆಯ ನಡುವೆ, ಊರಿಗೆ ಊರೇ ಕೈಕಟ್ಟಿ ಕೂತಿರುವಾಗ ಸೇವಕನೊಬ್ಬ ಕೂತರೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ.

ಪತ್ರ ಚಿಕ್ಕದಿರಲಿ, ಅಳಲು ಬೇಡ, ತಾರೀಕು ಇರಲಿ. ಉದಾಹರಣೆಗೆ: "ಮಾನ್ಯರೇ, ಆರು ತಿಂಗಳಿಂದ ನಿದ್ದೆ, ಊಟ ಸರಿಯಿಲ್ಲ, ಡಾಕ್ಟರನ್ನು ಕಂಡಿದ್ದೇನೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಪ್ರಸಂಗ, ಮನೆಭೇಟಿ, ವರದಿ ಮೂರರಿಂದಲೂ ಬಿಡುವು ಬೇಕು. ಈ ಅವಧಿಯಲ್ಲಿ ಸಂಬಳವೂ ವಸತಿಯೂ ಮುಂದುವರಿಯುತ್ತದೆಂದು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ. ಆಗಸ್ಟ್ 20ರಂದು ಬಂದು ಮಾತಾಡುತ್ತೇನೆ." ಸಂಬಳ, ವಸತಿಯ ಮಾತನ್ನು ಬಾಯಿಮಾತಿನಲ್ಲಿ ಬಿಟ್ಟರೆ ಎರಡನೆಯ ತಿಂಗಳಲ್ಲಿ ತಲೆನೋವು ಶುರುವಾಗುತ್ತದೆ, ವಿಶ್ರಾಂತಿ ಅಲ್ಲಿಗೆ ಮುಗಿಯಿತು.

ಪ್ರಾರ್ಥನಾಲಯದ ಬೀಗದ ಕೈ, ಕಾಣಿಕೆ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕನ್ನು ಸಹಿ ಹಾಕಿಸಿಕೊಂಡು ಒಬ್ಬರಿಗೆ ಒಪ್ಪಿಸಿ. ವಾಟ್ಸಪ್ ಗುಂಪುಗಳಿಂದ ಹೊರಗೆ ಬನ್ನಿ. "ಮ್ಯೂಟ್ ಮಾಡಿದ್ದೇನೆ" ಎನ್ನುವವರು ರಾತ್ರಿ ಹನ್ನೊಂದಕ್ಕೆ ತೆರೆದು ನೋಡಿಯೇ ನೋಡುತ್ತಾರೆ. "ಒಂದೇ ಒಂದು ಭಾನುವಾರ ಸಂದೇಶ ಕೊಟ್ಟು ಹೋಗಿ ಅಯ್ಯನವರೇ" ಎಂಬ ಕರೆ ಮೂರನೆಯ ವಾರದೊಳಗೆ ಖಂಡಿತ ಬರುತ್ತದೆ. ಹೋದರೆ ಎಣಿಕೆ ಮತ್ತೆ ಒಂದರಿಂದ.

ಹೆಂಡತಿಯ ಮಾತು ಇಲ್ಲಿಯೇ ಹೇಳಬೇಕು. ಸಂಡೇ ಸ್ಕೂಲು, ಸ್ತ್ರೀಯರ ಕೂಟ, ಬಂದವರಿಗೆಲ್ಲ ಚಹಾ, ಇಷ್ಟನ್ನೂ ಸಂಬಳವಿಲ್ಲದೆ ಮಾಡುವವಳು ಅವಳು. ರಜೆಯ ಪತ್ರದಲ್ಲಿ ಅವಳ ಕೆಲಸಗಳನ್ನೂ ಹೆಸರಿಸಿ ನಿಲ್ಲಿಸಿ. ಇಲ್ಲದಿದ್ದರೆ ಗಂಡ ಚೇತರಿಸಿಕೊಳ್ಳುವ ಹೊತ್ತಿಗೆ ಹೆಂಡತಿ ಹಾಸಿಗೆ ಹಿಡಿದಿರುತ್ತಾಳೆ.

ಈ ಅವಧಿಯಲ್ಲಿ ರಾಜೀನಾಮೆ ಕೊಡಬೇಡಿ, ಹೊಸ ಮಿಷನ್ ಸೇರಬೇಡಿ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಇಂಥ ಬೇಸರಕ್ಕೆ ಮಧ್ಯಾಹ್ನದ ಭೂತ ಎಂದು ಹೆಸರಿಟ್ಟ. ಅದು ಹಿಡಿದವನಿಗೆ ಹಗಲು 50 ಗಂಟೆಯಷ್ಟು ಉದ್ದವಾಗಿ ಕಾಣುತ್ತದೆ, ಈ ಜಾಗ ಬಿಟ್ಟು ಬೇರೆಲ್ಲಿಗಾದರೂ ಹೋದರೆ ಎಲ್ಲ ಸರಿಯಾಗುತ್ತದೆ ಅನ್ನಿಸುತ್ತದೆ. ಜೆಸ್ವಿಟ್ ಸಂಘ ಕಟ್ಟಿದ ಲೊಯೋಲದ ಇಗ್ನಾಸಿಯವರು ಹಾಕಿಕೊಟ್ಟ ನಿಯಮವೂ ಇದೇ: ಮನಸ್ಸು ಬರಡಾಗಿರುವಾಗ ಹಿಂದಿನ ತೀರ್ಮಾನ ಬದಲಿಸಬಾರದು. ತೀರ್ಮಾನವನ್ನು ಆಗಸ್ಟಿಗೆ ಇಟ್ಟುಕೊಳ್ಳಿ.

ಎಲೀಯನಿಗೆ ಸಿಕ್ಕಿದ ಚಿಕಿತ್ಸೆ

ಪ್ರವಾದಿ ಎಲೀಯನ ಕಥೆಯಿರುವ, ಬೈಬಲಿನ ಒಂದನೆಯ ಅರಸುಗಳು 19ನೆಯ ಅಧ್ಯಾಯದ ಮೇಲೆ ನೀವು ಹತ್ತು ಸಲ ಪ್ರಸಂಗ ಮಾಡಿರಬಹುದು. ಈಗ ಅದನ್ನು ಔಷಧಿ ಚೀಟಿಯಂತೆ ಓದಿ. ಸಾಯಬೇಕೆಂದು ಕೇಳಿ ಗಿಡದಡಿ ಮಲಗಿದ ಎಲೀಯನಿಗೆ ದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೆ ಎಬ್ಬಿಸಿ ಮತ್ತೆ ಊಟ. ಹೋರೇಬ್ ಬೆಟ್ಟದಲ್ಲಿ ದೇವರು ಬಾಯಿಬಿಡುವುದು ಇದಾಗಿ 40 ದಿನದ ಮೇಲೆ.

ಹಾಗಾಗಿ ಮೊದಲ ಮೂರು ವಾರ ಉಪವಾಸ ಪ್ರಾರ್ಥನೆ ಬೇಡ, ರಾತ್ರಿ ಪ್ರಾರ್ಥನೆ ಬೇಡ. ಹತ್ತಕ್ಕೆ ಮಲಗಿ, ಎಂಟು ಗಂಟೆ ನಿದ್ದೆ ಮಾಡಿ. ಹೊಟ್ಟೆ ಕೆಟ್ಟವರಿಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ ಸಾಕು. ಹೊತ್ತಿಗೆ ಸರಿಯಾಗಿ ಉಣ್ಣುವುದು ಮುಖ್ಯ. ದಿನಕ್ಕೆ 30 ನಿಮಿಷ ನಡೆಯಿರಿ, ಮಳೆ ಬಿಟ್ಟಾಗ ಕಡಲ ಕರೆಯಲ್ಲಾದರೂ ಸರಿ, ತೋಟದಲ್ಲಾದರೂ ಸರಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಪ್ರಸಂಗ ಕೇಳುತ್ತಾ ನಡೆದರೆ ಅದು ಡ್ಯೂಟಿಯೇ.

ಆ ಅಧ್ಯಾಯದಲ್ಲಿ ಓದುಗರ ಕಣ್ಣು ತಪ್ಪುವ ಒಂದು ವಿವರ ಉಂಟು. ದೇವರು "ಎಲೀಯನೇ, ನೀನು ಇಲ್ಲೇನು ಮಾಡುತ್ತೀ?" ಎಂದು ಎರಡು ಸಲ ಕೇಳುತ್ತಾನೆ. ನಡುವೆ ಗಾಳಿ, ಭೂಕಂಪ, ಬೆಂಕಿ, ಆ ಮೆಲುದನಿ ಎಲ್ಲ ಬಂದು ಹೋಗುತ್ತದೆ. ಎಲೀಯನ ಉತ್ತರ ಮಾತ್ರ ಎರಡು ಸಲವೂ ಒಂದೇ, ಅದೇ ದೂರು. ದೇವರ ದನಿ ಕೇಳಿದ ಕೂಡಲೇ ಅವನ ಮನಸ್ಸೂ ತಿಳಿಯಾಗಲಿಲ್ಲ. ಎರಡನೆಯ ತಿಂಗಳಲ್ಲೂ ನಿಮ್ಮ ದೂರು ಹಾಗೆಯೇ ಇದ್ದರೆ ಗಾಬರಿ ಬೇಡ.

ಪ್ರಾರ್ಥನೆಗೆ ಕೂರುವುದು

ನಾಲ್ಕನೆಯ ವಾರದಿಂದ ದಿನಕ್ಕೆ ಹತ್ತು ನಿಮಿಷ. ಹೆಚ್ಚಿಗೆ ಬೇಡ, ಆಸೆಯಾದರೂ ಬೇಡ. ಸ್ವಲ್ಪ ಹಸಿವು ಉಳಿಯಲಿ.

ಪ್ರಸಂಗಕ್ಕೆ ಬಳಸಿದ, ಗೆರೆ ಎಳೆದು ತುಂಬಿಸಿದ ಬೈಬಲನ್ನು ಕಪಾಟಿನಲ್ಲಿಡಿ. ಗುರುತಿಲ್ಲದ ಬೇರೊಂದು ಪ್ರತಿ ತನ್ನಿ. ಪೆನ್ನು ಹತ್ತಿರ ಇಟ್ಟುಕೊಳ್ಳಬೇಡಿ: ಪೆನ್ನು ಇದ್ದರೆ ಮೂರು ಪಾಯಿಂಟು ತಾನಾಗಿ ಹುಟ್ಟುತ್ತದೆ. "ಇದು ಭಾನುವಾರಕ್ಕೆ ಆಗುತ್ತದೆ" ಎಂಬ ಯೋಚನೆ ಬಂದರೆ ಆ ವಚನವನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಅಮ್ಮನ ಹತ್ತಿರ ಯಾವ ಭಾಷೆಯಲ್ಲಿ ಹಟ ಮಾಡಿದ್ದಿರೋ ಆ ಭಾಷೆಯಲ್ಲಿ, ತುಟಿ ಅಲುಗಿಸಿ, ಸಣ್ಣ ದನಿಯಲ್ಲಿ ಪ್ರಾರ್ಥಿಸಿ. ತುಳುವಿನವರು ತುಳುವಿನಲ್ಲಿ, ಕೊಂಕಣಿಯವರು ಕೊಂಕಣಿಯಲ್ಲಿ. ಸಭೆಯ ಮುಂದೆ ಪಳಗಿದ ಆ ದೊಡ್ಡ ದನಿ, "ಕೃಪಾಪೂರ್ಣನಾದ ಪರಲೋಕದ ತಂದೆಯೇ" ಎಂಬ ಆರಂಭ, ಎರಡನ್ನೂ ಮೂರು ತಿಂಗಳು ಬಿಡಿ.

ಓದಲು ದೂರಿನ ಕೀರ್ತನೆಗಳನ್ನೇ ತೆಗೆದುಕೊಳ್ಳಿ: 13, 42, 77, 88. ಒಂದನ್ನು ಒಂದು ವಾರ ಪೂರ್ತಿ ಓದಿ. 13ರಲ್ಲಿ ಇರುವುದು ಆರೇ ವಚನ. ಹೀಬ್ರೂ ಮೂಲದಲ್ಲಿ "ಎಷ್ಟರವರೆಗೆ" ಎಂಬ ಕೇಳ್ವಿ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಬರುತ್ತದೆ. 88 ಕತ್ತಲೆಯಲ್ಲೇ ನಿಲ್ಲುತ್ತದೆ, ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಅಂಥದ್ದನ್ನೂ ಸತ್ಯವೇದದೊಳಗೆ ಇಟ್ಟಿರುವಾಗ ನಿಮ್ಮ ಪ್ರಾರ್ಥನೆ ಹಲ್ಲೆಲೂಯದಲ್ಲೇ ಮುಗಿಯಬೇಕೆಂಬ ಕಾಯಿದೆ ಇಲ್ಲ.

ಈ ಕೀರ್ತನೆಗಳ ಕಟ್ಟನ್ನೇ ಹಿಡಿದು ಸ್ವಂತದ್ದು ಹೇಳಬಹುದು: ಕರೆಯುವುದು, ದೂರುವುದು, ಒಂದು ಸಂಗತಿ ಕೇಳುವುದು. "ದೇವರೇ, ನಿನ್ನ ಹತ್ತಿರ ಮಾತಾಡಲಿಕ್ಕೆ ಮನಸ್ಸಿಲ್ಲ. ಏಳು ವರ್ಷ ಆ ಕಾಲನಿಗೆ ಹೋದೆ. ಮೊನ್ನೆ ನನ್ನನ್ನು ಕಂಡೇ ಬಾಗಿಲು ಹಾಕಿದರು. ನೀನು ಎಲ್ಲಿದ್ದೆ? ಇವತ್ತು ರಾತ್ರಿ ನಿದ್ದೆ ಕೊಡು." ಇಷ್ಟಾದರೆ ಸಾಕು, ಎದ್ದುಬಿಡಿ. ಭರವಸೆಯ ಮಾತು ತಾನಾಗಿ ಬಂದ ದಿನ ಸೇರಿಸಿ, ಅಲ್ಲಿಯವರೆಗೆ ಎಳೆದು ತರಬೇಡಿ. ಎಷ್ಟು ನಿಮಿಷ, ಎಷ್ಟು ಅಧ್ಯಾಯ ಎಂದು ಡೈರಿಯಲ್ಲಿ ಬರೆಯುವ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಿ, ಅದು ವರದಿಯ ತಮ್ಮ.

ಏನೂ ಹೇಳಲಾಗದ ದಿನ ಸುಮ್ಮನೆ ಕೂರಲು ಒಂದು ಜಾಗ ಗೊತ್ತುಮಾಡಿಕೊಳ್ಳಿ. ಬೇಳದ ಹಳೆಯ ಇಗರ್ಜಿಯಂಥ ಕಡೆ ವಾರದ ನಡುವಿನ ಮಧ್ಯಾಹ್ನ ಹೆಚ್ಚು ಜನ ಇರುವುದಿಲ್ಲ. ಪ್ರಾಟೆಸ್ಟೆಂಟರು ಕೂತರೂ ಯಾರೂ ಎಬ್ಬಿಸುವುದಿಲ್ಲ.

ಭಾನುವಾರ ಮತ್ತು ಜೊತೆ

ಆರಾಧನೆ ಬಿಡಬೇಡಿ, ಆದರೆ ನಿಮ್ಮನ್ನು ಯಾರೂ ಗುರುತಿಸದ ಕಡೆ ಹೋಗಿ. ಮಂಗಳೂರಿನ ಬಲ್ಮಠದ ಶಾಂತಿ ಕೆಥೆಡ್ರಲಿನಂಥ ದೊಡ್ಡ ಸಭೆಯಲ್ಲಿ ಹಿಂದಿನ ಬೆಂಚು ಸುಲಭವಾಗಿ ಸಿಗುತ್ತದೆ. "ಸೇವಕರು ಯಾರಾದರೂ ಬಂದಿದ್ದರೆ ಮುಂದೆ ಬನ್ನಿ" ಎಂದು ಕರೆದರೆ ಎದ್ದು ಹೋಗಬೇಡಿ. ಪ್ರಸಂಗವನ್ನು ಅಳೆಯುವ ಚಟ ಬಿಡುವುದಿಲ್ಲವೆಂದಾದರೆ ಕರ್ತನ ಭೋಜನ ಇರುವ ಭಾನುವಾರಗಳನ್ನೇ ಆರಿಸಿ: ರೊಟ್ಟಿ, ದ್ರಾಕ್ಷಾರಸವನ್ನು ಅಂಕ ಹಾಕಲು ಬರುವುದಿಲ್ಲ, ಕೈಯೊಡ್ಡಿ ತೆಗೆದುಕೊಳ್ಳಬೇಕು, ಅಷ್ಟೇ. ಉಜ್ಜೀವನ ಕೂಟಗಳಿಂದ ಮಾತ್ರ ದೂರವಿರಿ. ಅಲ್ಲಿನ ಬಿಸಿಗೆ ಒಂದು ರಾತ್ರಿ ಉರಿದು, ಇನ್ನೂ ದೊಡ್ಡ ಹರಕೆ ಹೊತ್ತು, ಬುಧವಾರಕ್ಕೆ ಮೊದಲಿಗಿಂತ ಆಳಕ್ಕೆ ಬಿದ್ದವರು ಬೇಕಾದಷ್ಟು.

ಮನಸ್ಸು ಬಿಚ್ಚಲು ಒಬ್ಬರು ಬೇಕು, ಒಬ್ಬರೇ ಸಾಕು. ಅವರು ನಿಮ್ಮ ಸಂಬಳ, ವರ್ಗಾವಣೆ ನಿರ್ಧರಿಸುವವರಾಗಿರಬಾರದು, ನಿಮ್ಮ ಸಭೆಯವರಾಗಿರಬಾರದು, ಎರಡನೆಯ ನಿಮಿಷಕ್ಕೆ ವಚನ ಹೇಳುವವರಾಗಿರಬಾರದು. ನಿವೃತ್ತ ಅಯ್ಯನವರಲ್ಲಿ, ಹಿರಿಯ ಸಿಸ್ಟರುಗಳಲ್ಲಿ ಇಂಥವರು ಸಿಗುತ್ತಾರೆ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಎಂದು ಮೊದಲೇ ಮಾತಾಡಿಕೊಳ್ಳಿ.

ಮಿಷನ್ನಿನ ನಾಯಕರಿಂದ ಅನ್ಯಾಯವಾಗಿದ್ದರೆ, ಅಂದರೆ ಬಾಕಿ ಸಂಬಳ, ಸುಳ್ಳು ಲೆಕ್ಕಕ್ಕೆ ಒತ್ತಾಯ, ಅವಮಾನ, ಅದನ್ನು ಬೇರೆ ಕಾಗದದಲ್ಲಿ ತಾರೀಕು ಸಮೇತ ಬರೆದಿಡಿ. ಕ್ಷಮಿಸುವುದು ಬೇರೆ, ಲೆಕ್ಕ ಕೇಳುವುದು ಬೇರೆ. ಎರಡನ್ನೂ ಒಟ್ಟಿಗೆ ಮುಗಿಸಲು ಹೊರಟು ಬಹಳ ಜನ ಎರಡನ್ನೂ ಮಾಡದೆ ಉಳಿಯುತ್ತಾರೆ.

ಹಿಂದಿರುಗುವಾಗ

ಮೂರನೆಯ ತಿಂಗಳ ಕೊನೆಗೆ ನೋಡಿಕೊಳ್ಳಿ: ನಿದ್ದೆ ಬರುತ್ತದೆಯೇ, ಯಾರದೋ ಕಷ್ಟ ಕೇಳಿದರೆ ಮನಸ್ಸು ಕರಗುತ್ತದೆಯೇ, ಯಾರೂ ಹೇಳದೆ ಒಂದು ಹಾಡು ಬಾಯಿಗೆ ಬಂದಿದೆಯೇ? ಮೂರೂ ಇಲ್ಲದಿದ್ದರೆ ರಜೆ ಮುಂದುವರಿಸಿ. ಇದ್ದರೆ ಮೊದಲಿದ್ದ ಕೆಲಸದ ಮೂರರಲ್ಲಿ ಒಂದು ಪಾಲಿನಿಂದ ಶುರುಮಾಡಿ. ಮೂರು ಕಡೆ ಕೂಟ ಇದ್ದವರು ಒಂದು ಕಡೆ, ತಿಂಗಳಿಗೆ ನಾಲ್ಕು ಪ್ರಸಂಗ ಇದ್ದವರು ಒಂದು. ಭಾನುವಾರ ರಾತ್ರಿ ಒಂಬತ್ತರಿಂದ ಮಂಗಳವಾರ ಬೆಳಿಗ್ಗೆ ಆರರವರೆಗೆ ಫೋನ್ ಆಫ್. ಸಾವು, ಆಸ್ಪತ್ರೆಯ ಕರೆಗಳಿಗೆ ಸಭೆಯ ಹಿರಿಯರೊಬ್ಬರ ನಂಬರು ಕೊಟ್ಟಿರಿ.

ಹೋರೇಬಿನಲ್ಲಿ ಎಲೀಯನಿಗೆ ಮೂವರನ್ನು ಅಭಿಷೇಕಿಸುವ ಕೆಲಸ ಕೊಡಲಾಯಿತು: ಅರಸರಾಗಲಿದ್ದ ಹಜಾಯೇಲ, ಯೇಹು, ತನ್ನ ಜಾಗಕ್ಕೆ ಬರಲಿದ್ದ ಎಲೀಷ. ಅವನು ತಾನೇ ಹೋಗಿ ಕಂಡದ್ದು ಎಲೀಷನೊಬ್ಬನನ್ನು. ಉಳಿದೆರಡೂ ಮುಂದೆ ಎಲೀಷನ ಕಾಲಕ್ಕೆ ನಡೆದವು. ನಿಮ್ಮ ಮೊದಲ ವರ್ಷದ ಯೋಜನೆಯಲ್ಲೂ ಒಬ್ಬ ಎಲೀಷನ ಹೆಸರಿರಲಿ.

ಕೆಲವರು ಅದೇ ಕೆಲಸಕ್ಕೆ ಹಿಂದಿರುಗುವುದಿಲ್ಲ. ತಲಶ್ಶೇರಿಯಲ್ಲಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಹರ್ಮನ್ ಗುಂಡರ್ಟ್ 1859ರಲ್ಲಿ ಆರೋಗ್ಯ ಕೆಟ್ಟು ಜರ್ಮನಿಗೆ ಮರಳಿದವರು ಮತ್ತೆ ಮಲಬಾರಿನ ಸೇವೆಗೆ ಬರಲಿಲ್ಲ. ಅವರ ಮಲಯಾಳ ನಿಘಂಟು ಪ್ರಕಟವಾದದ್ದು 1872ರಲ್ಲಿ. ಶಾಲೆ, ಅನುವಾದ, ತೋಟದ ಕೆಲಸ, ಯಾವುದಕ್ಕೆ ಹೋದರೂ ಆ ಹತ್ತು ನಿಮಿಷ ಮಾತ್ರ ಬಿಡಬೇಡಿ. ಪೇಟೆಯಲ್ಲಿ ಸಿಕ್ಕಿ "ಎಂಥ ಅಯ್ಯನವರೇ, ಸೇವೆ ಬಿಟ್ಟಿರಾ?" ಎಂದು ಕೇಳುವವರಿಗೆ "ಮೈ ಸರಿ ಇರಲಿಲ್ಲ, ಈಗ ಅಡ್ಡಿಯಿಲ್ಲ" ಎಂದು ಹೇಳಿ, ಮೀನಿಗೆ ಇವತ್ತು ಎಷ್ಟು ರೇಟು ಎಂದು ವಿಚಾರಿಸಿ.