ಹಳೆಯ ಪತ್ತೇದಾರಿ ಮುಖಪುಟಗಳು: ಕರಾವಳಿಯ ತೇವದಿಂದ ಉಳಿಸಿಕೊಳ್ಳುವುದು, ಬಣ್ಣ ಕೆಡದಂತೆ ಸ್ಕ್ಯಾನ್ ಮಾಡುವುದು

ಹಳೆಯ ಪತ್ತೇದಾರಿ ಕಾದಂಬರಿಯ ಮುಖಪುಟ ನೋಡಿದ ಕೂಡಲೇ ಪಿಸ್ತೂಲು, ಅರ್ಧ ತೆರೆದ ಬಾಗಿಲು, ಬೆಚ್ಚಿಬಿದ್ದ ಹೆಣ್ಣಿನ ಮುಖ ಕಣ್ಣಿಗೆ ಬೀಳುತ್ತವೆ. ಸ್ವಲ್ಪ ಹತ್ತಿರ ಹಿಡಿದರೆ ಬೇರೆಯದೇ ಕಾಣಿಸುತ್ತದೆ. ಮೂರೋ ನಾಲ್ಕೋ ಶಾಯಿಯಲ್ಲಿ ಎಲ್ಲ ಮುಗಿಸಬೇಕಿದ್ದ ಕಲಾವಿದ ನೆರಳಿಗೆ ನೀಲಿ, ಕೆನ್ನೆಗೆ ಹಳದಿ ಬಳಿದುಬಿಟ್ಟಿದ್ದಾನೆ. ಕೆಂಪು ಅಚ್ಚು ಕೂದಲೆಳೆಯಷ್ಟು ಜರುಗಿ ಕೂತು, ತುಟಿಯ ಪಕ್ಕದಲ್ಲಿ ಇನ್ನೊಂದು ತುಟಿ ಮೂಡಿದೆ. ಚಿತ್ರದ ಜೀವ ಇರುವುದು ಇಲ್ಲೇ. ಆದ್ದರಿಂದ ಶುಚಿ ಮಾಡುವಾಗಲೂ ಸ್ಕ್ಯಾನ್ ಮಾಡುವಾಗಲೂ ಶಾಯಿ, ಚಿತ್ರ ಮೂಡಿಸುವ ಅಚ್ಚಿನ ಸಣ್ಣ ಚುಕ್ಕಿ, ಕಾಗದ ಇದ್ದ ಹಾಗೇ ಉಳಿಯಬೇಕು. ಹೊಸದರಂತೆ ಹೊಳೆಯುವ ಮುಖಪುಟ ಕೆಟ್ಟ ಮುಖಪುಟ.

ಅಮೆರಿಕದಲ್ಲಿ 1896ರಿಂದ ಬಂದ ಪಲ್ಪ್ ಕಥಾಪತ್ರಿಕೆಗಳ ಒಳಪುಟ ಅಗ್ಗದ ಮರದ ತಿರುಳಿನದು. ಅದರ ಮೇಲೆ ಬಣ್ಣದ ಚಿತ್ರ ಏಳುತ್ತಿರಲಿಲ್ಲ. ಮುಖಪುಟವನ್ನು ಬೇರೆ ನುಣುಪು ಕಾಗದದಲ್ಲಿ ಅಚ್ಚು ಹಾಕಿ ಹೊದಿಸುತ್ತಿದ್ದರು. ನಮ್ಮ ಅಗ್ಗದ ಕಾದಂಬರಿಗಳದ್ದೂ ಹೆಚ್ಚುಕಡಿಮೆ ಅದೇ ಲೆಕ್ಕ. ಒಳಗಿನ ಕಾಗದದ ಆಮ್ಲ ಮುಖಪುಟದ ಹಿಂಬದಿಗೂ ದಾಟಿ ಅದನ್ನು ಕಂದಾಗಿಸುತ್ತದೆ. ನಡುವೆ ಆಮ್ಲರಹಿತ ತೆಳು ಹಾಳೆಯೊಂದನ್ನು ಇಟ್ಟುಬಿಡಿ.

ಗುಜರಿ ಅಂಗಡಿಯಲ್ಲಿ ಆರಿಸುವಾಗ 10 ಪಟ್ಟಿನ ಸಣ್ಣ ಭೂತಗನ್ನಡಿ ಜೇಬಿನಲ್ಲಿರಲಿ. ಚುಕ್ಕಿಯ ಅಂಚಿನಲ್ಲಿ ಶಾಯಿ ಹೊರಕ್ಕೆ ಒತ್ತಿ ಗಾಢ ಬಳೆ ಕಟ್ಟಿದ್ದರೆ ಅದು ಲೆಟರ್‌ಪ್ರೆಸ್, ಅಂದರೆ ಉಬ್ಬು ಬ್ಲಾಕ್‌ಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದ ಅಚ್ಚು. ಹಿಂಬದಿಯಲ್ಲಿ ಬೆರಳಾಡಿಸಿದರೆ ಕೆಲವೊಮ್ಮೆ ಒತ್ತೂ ಸಿಗುತ್ತದೆ. ಚುಕ್ಕಿ ಒಳಗೂ ಅಂಚಿಗೂ ಒಂದೇ ಸಮ ಇದ್ದರೆ ಆಫ್‌ಸೆಟ್, ಅಂದರೆ ರಬ್ಬರ್ ಹಾಳೆಯಿಂದ ಕಾಗದಕ್ಕೆ ದಾಟಿಸಿದ ಅಚ್ಚು. ಇಡೀ ಚಿತ್ರ ನೀಲಿಗೆ ತಿರುಗಿದ್ದರೆ ಪುಸ್ತಕ ಬಿಸಿಲಲ್ಲಿ ಕೂತಿತ್ತು ಎಂದರ್ಥ. ಕೆಂಪು, ಹಳದಿ ಮೊದಲು ಹಾರುತ್ತವೆ, ಮತ್ತೆ ಬರುವುದಿಲ್ಲ. ಬಾಡಿಗೆ ಲೈಬ್ರರಿಯ ಸೀಲು, ಪೆನ್ನಿನಲ್ಲಿ ಬರೆದ ನಂಬರು ಇದ್ದರೆ ಅಳಿಸಲು ಹೋಗಬೇಡಿ. ಅದೂ ಆ ಪುಸ್ತಕದ ಚರಿತ್ರೆ.

ಮನೆಗೆ ತಂದದ್ದನ್ನು ನೇರ ಕಪಾಟಿಗೆ ಸೇರಿಸಬೇಡಿ. ಒರಲೆಯೋ ಬೇರೆ ಹುಳವೋ ಒಂದು ಪುಸ್ತಕದಿಂದ ಎಲ್ಲಕ್ಕೂ ಹಬ್ಬುತ್ತದೆ. ಪುಸ್ತಕ ಒಣಗಿದೆ ಎಂದು ಖಾತ್ರಿಯಾದ ಮೇಲೆ ಜಿಪ್ ಚೀಲದಲ್ಲಿ ಗಾಳಿ ಹೊರಗೆ ಒತ್ತಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ. ಬೂಷ್ಟು ಹಿಡಿದಿದ್ದರೆ ಮಾಸ್ಕ್ ಹಾಕಿಕೊಂಡು, ಜಗಲಿಯ ನೆರಳಲ್ಲಿ ಮೊದಲು ಪೂರ್ತಿ ಒಣಗಿಸಿ, ಮೆದು ಕುಂಚದಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಹಸಿ ಬೂಷ್ಟನ್ನು ಬಟ್ಟೆಯಿಂದ ಒರೆಸಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ.

ತುಕ್ಕು ಹಿಡಿದ ಪಿನ್ನು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ಕಾಲುಗಳನ್ನು ಚಪ್ಪಟೆ ಅಲಗಿನಿಂದ ನೇರ ಮಾಡಿ ತೆಗೆದು, ಅದೇ ತೂತಿನಲ್ಲಿ ಹತ್ತಿ ನೂಲು ಹಾಯಿಸಿ. ಹರಿದ ಕಡೆ ಸೆಲೋಟೇಪ್ ಬೇಡ. ಅದರ ಅಂಟು ಹಳದಿಯಾಗಿ ಚಿತ್ರದ ತನಕ ಇಳಿಯುತ್ತದೆ. ಫೆವಿಕಾಲ್ ಹಾಕಿದರೆ ಮುಂದೆ ಬಿಡಿಸಲಿಕ್ಕಾಗುವುದಿಲ್ಲ. ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವ ತನಕ ಕಲಸಿ, ಆರಿಸಿ. ಹಿಂಬದಿಯಿಂದ ತೆಳು ಟಿಶ್ಯೂ ಪಟ್ಟಿಯನ್ನು ಅದರಲ್ಲಿ ಅಂಟಿಸಿ, ರಾತ್ರಿಯಿಡೀ ಭಾರ ಹೇರಿಡಿ. ಮೈದಾ ಹುಳವನ್ನು ಕರೆಯುತ್ತದೆ, ಆದ್ದರಿಂದ ಅಂಟು ತೀರ ತೆಳುವಾಗಿರಲಿ. ಅದಕ್ಕೂ ಮೊದಲು ಒಂದು ಮೂಲೆಯಲ್ಲಿ ಒದ್ದೆ ಹತ್ತಿಕಡ್ಡಿ ಮುಟ್ಟಿಸಿ ನೋಡಿ: ಕೆಂಪು ಶಾಯಿ ಕಡ್ಡಿಗೆ ಹತ್ತಿದರೆ ನೀರು ಬೇಡವೇ ಬೇಡ. ಲ್ಯಾಮಿನೇಶನ್ ಎಲ್ಲಕ್ಕಿಂತ ದೊಡ್ಡ ಅನಾಹುತ. ಅಂಟು ಶಾಯಿಗೇ ಹತ್ತಿಕೊಳ್ಳುತ್ತದೆ.

ಮಂಗಳೂರು, ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವಾಂಶ ಬಹುಪಾಲು ದಿನ 80 ಶೇಕಡಾ ದಾಟಿರುತ್ತದೆ; ಬೂಷ್ಟಿಗೆ 65–70 ಸಾಕು. ಚಳಿಗಾಲದ ಒಣಹವೆಯಲ್ಲಿ ಪುಸ್ತಕಗಳನ್ನು ನೆರಳಲ್ಲಿ ಆರಿಸಿ, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಗೆ ತುಂಬಿ. 20 ಲೀಟರ್ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಸುಮಾರು 400 ಗ್ರಾಂ ಬಟ್ಟೆಚೀಲದಲ್ಲಿರಲಿ, ಒಳಗೊಂದು ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಇರಲಿ. ಮುಳ್ಳು 45–55ರ ನಡುವೆ ನಿಲ್ಲಬೇಕು. 35ಕ್ಕಿಂತ ಕೆಳಗಿಳಿದರೆ ಬೆನ್ನು ಬಿರಿಯುತ್ತದೆ, ಸ್ವಲ್ಪ ಜೆಲ್ ತೆಗೆಯಿರಿ. ಆಟಿಯ (ಜುಲೈ–ಆಗಸ್ಟ್‌ನ ತುಳು ತಿಂಗಳು) ಹೊತ್ತಿಗೆ ಮುಳ್ಳು ಏರತೊಡಗಿದರೆ ಜೆಲ್ಲನ್ನು ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಹಾಕಿ. ಕವರು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್‌ನದ್ದಾಗಿರಲಿ. ಪಿವಿಸಿ ಕವರು ಸೆಕೆಗೆ ಶಾಯಿಗೆ ಮೆತ್ತಿಕೊಳ್ಳುತ್ತದೆ. ಬೇವಿನ ಹಸಿ ಎಲೆ ಇಡುವುದೆಂದರೆ ಡಬ್ಬಿಗೆ ನಾವೇ ನೀರು ಹಾಕಿದ ಹಾಗೆ. ಕಪಾಟು ಕೆಂಪುಕಲ್ಲಿನ ಗೋಡೆಯಿಂದ ನಾಲ್ಕು ಇಂಚು ದೂರ ನಿಲ್ಲಲಿ.

ಇನ್ನು ಸ್ಕ್ಯಾನ್. ಬೆನ್ನು ಉಬ್ಬಿದ ಪುಸ್ತಕಕ್ಕೆ ಸಿಐಎಸ್ (ಗಾಜಿಗೆ ತಾಗಿದ್ದನ್ನಷ್ಟೇ ಸ್ಪಷ್ಟವಾಗಿ ಓದುವ ತೆಳು ಬಗೆಯ) ಸ್ಕ್ಯಾನರ್ ಆಗದು, ಗಾಜಿನಿಂದ ಚೂರು ಮೇಲೆದ್ದರೂ ಮಸುಕು ಬರುತ್ತದೆ; ಮಸೂರದ ಮೂಲಕ ಓದುವ ಸಿಸಿಡಿ ಬಗೆಯದು ಹುಡುಕಿ. 600 ಡಿಪಿಐ (ಇಂಚಿಗೆ 600 ಪಿಕ್ಸೆಲ್), 24 ಬಿಟ್ ಬಣ್ಣ, ವಿವರ ಕಳೆಯದೆ ಉಳಿಸುವ ಟಿಫ್ ಕಡತ. 14 × 21.5 ಸೆಂಟಿಮೀಟರ್ ಮುಖಪುಟಕ್ಕೆ ಸುಮಾರು 50 ಎಂಬಿ ಆಗುತ್ತದೆ. ಆಟೋ ಕಲರ್, ಶಾರ್ಪನ್, ಡಸ್ಟ್ ರಿಮೂವಲ್ ಎಲ್ಲ ಬಂದ್ ಮಾಡಿ, ಅವು ಅಚ್ಚಿನ ಚುಕ್ಕಿಯನ್ನು ಧೂಳೆಂದು ತಿಳಿಯುತ್ತವೆ. ರಟ್ಟಿನ ಹಿಂದೆ ಕಪ್ಪು ಕಾಗದ ಇಡಿ, ಹಿಂಬದಿಯ ಅಕ್ಷರ ಹಾಯುವುದಿಲ್ಲ.

ಫೋನಿನಲ್ಲಿ ನೋಡಲು ಚಿತ್ರ ಕಿರಿದಾಗಿಸಿದಾಗ ಅಲೆಅಲೆಯಾದ ಗೀರು ಏಳುವುದು ಅಚ್ಚಿನ ಚುಕ್ಕಿಸಾಲಿಗೂ ಪಿಕ್ಸೆಲ್ ಸಾಲಿಗೂ ಹೊಂದದೆ. ಕಿರಿದಾಗಿಸುವ ಮೊದಲು ಫೋಟೋ ತಂತ್ರಾಂಶದಲ್ಲಿ ಗಾಸಿಯನ್ ಬ್ಲರ್ (ಚಿತ್ರವನ್ನು ತುಸು ಮಸುಕಾಗಿಸುವುದು) ಕೊಡಿ. ಇಂಚಿಗೆ 85 ಚುಕ್ಕಿಸಾಲಿನ ಒರಟು ಅಚ್ಚಿನಲ್ಲಿ ಒಂದು ಚುಕ್ಕಿಗೆ ಸುಮಾರು 7 ಪಿಕ್ಸೆಲ್ ಬರುತ್ತದೆ, ಬ್ಲರ್ 3 ಪಿಕ್ಸೆಲ್ ಇರಲಿ. 133 ಸಾಲಿನದಕ್ಕೆ 2 ಸಾಕು. ಮೂಲ ಟಿಫ್ ಮುಟ್ಟಬೇಡಿ, ಇದೆಲ್ಲ ಪ್ರತಿಯ ಮೇಲೆ ನಡೆಯಲಿ. ಬಣ್ಣ ಸರಿಪಡಿಸುವಾಗ ಬಣ್ಣ ಹೋಲಿಸಲೆಂದು ಪಕ್ಕದಲ್ಲಿ ಇಟ್ಟು ಸ್ಕ್ಯಾನ್ ಮಾಡಿದ ಬೂದು ಕಾರ್ಡನ್ನು ನೋಡಿ, ಮುಖಪುಟದ ಕಾಗದವನ್ನಲ್ಲ. ಆ ಕಾಗದವನ್ನು ಬೆಳ್ಳಗೆ ಮಾಡಿದರೆ ಹಳದಿ ಸತ್ತುಹೋಗುತ್ತದೆ.

ಚಿತ್ರದ ಕೆಳಮೂಲೆಯಲ್ಲಿ ಕಲಾವಿದನ ಸಹಿ ಸಣ್ಣದಾಗಿ ಇರುತ್ತದೆ. ಇಲ್ಲದಿದ್ದರೆ ಒಳಗೆ ಮುದ್ರಣದ ವಿವರವಿರುವ ಪುಟ ನೋಡಿ. ಕಡತದ ಹೆಸರಿನಲ್ಲಿ ವರ್ಷ, ಪ್ರಕಾಶಕರ ಜೊತೆಗೆ ಆ ಹೆಸರನ್ನೂ ಸೇರಿಸಿ. ಪೋಸ್ಟರ್ ಮಾಡಿ ಮಾರುವ ಯೋಚನೆಯಿದ್ದರೆ ಅನುಮತಿ ಬೇಕು: ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕು ಕಲಾವಿದ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ, ಲೇಖಕನ ಹಕ್ಕಿಗೂ ಇದೇ ನಿಯಮ, ಆದರೆ ಲೆಕ್ಕ ಅವನು ತೀರಿಕೊಂಡ ಮರುವರ್ಷದಿಂದ ಬೇರೆಯಾಗಿ ನಡೆಯುತ್ತದೆ.